ಹದಿನಾರು ಮೂಟೆಗಳ ಮೊದಲ ಸವಾರಿ

ಹಳೆಯ ಗೋಣಿಚೀಲವನ್ನು ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬಾರದು. ತಲೆಯ ಮೇಲೆ ಹಾಕಿಕೊಂಡು ಸೂರ್ಯನ ಕಡೆ ತಿರುಗಿ ನಿಲ್ಲಬೇಕು. ಒಳಗಿನಿಂದ ನೋಡಿದರೆ ತೂತುಗಳೆಲ್ಲ ನಕ್ಷತ್ರಗಳ ಹಾಗೆ ಹೊಳೆಯುತ್ತವೆ. ಐದರೊಳಗೆ ಇದ್ದರೆ ಒಳ್ಳೆಯ ಚೀಲ, ಎಣಿಸಲು ಬೇಸರವಾದರೆ ಕೊಳ್ಳಬೇಡಿ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಯಶವಂತಪುರದ ಮಂಡಿಗಳ ಹಿಂದೆ ಹತ್ತು ವರ್ಷ ತಲೆಗೆ ಚೀಲ ಕವುಚಿಕೊಂಡು ನಿಂತು ಕಲಿತದ್ದು. ನೋಡಿದವರು ಮೊದಲು ನಕ್ಕರು. ಆಮೇಲೆ ಚೀಲ ಮಾರಲು ನನ್ನ ಬಳಿಗೇ ಬಂದರು.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಆರಂಭದ ಮಾತು. ನಾವು ಗದಗಿನ ಕಡೆಯವರು. ನನ್ನ ಯಜಮಾನರು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ಮಂಡಿ ನನ್ನ ಮಾತನ್ನು ಬೆಂಗಳೂರಿನದು ಮಾಡಿತ್ತು, ಅವರ ಮಾತು ಗದಗಿನದೇ ಉಳಿದಿತ್ತು. ಆ ವರ್ಷ ಕಾರ್ಖಾನೆಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ಮನೆ ನನ್ನ ಚೀಲಗಳಿಂದ ನಡೆಯುತ್ತಿತ್ತು, ಅದಕ್ಕೇನೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಅವರಿಗೆ. ಓಣಿಯಲ್ಲಿ ತಲೆ ಹೊರಗೆ ಹಾಕಿದರೆ ಸಾಕು, ಯಾರಾದರೊಬ್ಬರು "ಏನ್ ಸಾರ್, ಇನ್ನೂ ಬೀಗ ತೆಗೀಲಿಲ್ವಾ?" ಎನ್ನುವರು, ಬೀಗದ ಕೈ ಇವರ ಜೇಬಿನಲ್ಲೇ ಇರುವ ಹಾಗೆ. ಹೀಗಾಗಿ ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ಇಡೀ ದಿನ ಪೇಪರ್ ಓದಿ, ಸಂಜೆ ನಾಲ್ಕಕ್ಕೆ ಸರಿಯಾಗಿ ಬಾಣಲೆ ಇಟ್ಟು ಮಿರ್ಚಿ ಭಜಿ ಕರಿಯುತ್ತಿದ್ದರು. ನಮ್ಮೂರ ಕಡೆಯ ಮಿರ್ಚಿ, ಜೊತೆಗೆ ಮಂಡಕ್ಕಿ ಕಲೆಸಿದ ಗಿರಮಿಟ್ಟು. ಅದನ್ನು ತಿಂದವರು ಎರಡನೆಯದಕ್ಕೆ ಕೇಳದೆಯೇ ಕೈ ಚಾಚುತ್ತಿದ್ದರು.

"ತಳ್ಳೋ ಗಾಡಿ ಹಾಕಿಕೊಡ್ತೀನಿ, ಮಾರ್ಕೆಟ್ ಮುಂದೆ ನಿಂತ್ಕೊಳ್ಳಿ" ಎಂದೆ ಒಂದು ದಿನ.

"ಒಲ್ಲೆ. ಫ್ಯಾಕ್ಟರಿ ಮಂದಿ ನೋಡ್ತಾರ."

"ನೋಡಿದ್ರೆ ಅವರೂ ಎರಡು ತಿಂತಾರೆ."

"ನಾಕು ಗ್ವಾಡಿ, ಒಂದು ಬಾಗಿಲಾ ಇದ್ರ ಮಾತ್ರ ನಾ ಕುಂದ್ರಾಂವ" ಎಂದು ಪೇಪರ್ ಮೇಲೆತ್ತಿದರು. ಗೋಡೆ ಬಾಗಿಲು ಇರುವ ಅಂಗಡಿಗೆ ಯಶವಂತಪುರದಲ್ಲಿ ಕೇಳುತ್ತಿದ್ದ ಅಡ್ವಾನ್ಸಿಗೆ ನಮ್ಮೂರಲ್ಲಿ ಮನೆಯೇ ಬರುತ್ತಿತ್ತು. ಪೇಪರ್ ಆ ಕಡೆ, ನಾನು ಈ ಕಡೆ. ಮದುವೆಯಾಗಿ ಹದಿನೈದು ವರ್ಷವಾದ ಮೇಲೆ ಗಂಡನ ಮುಖಕ್ಕಿಂತ ಪೇಪರಿನ ಕೊನೆಯ ಪುಟವನ್ನೇ ಹೆಚ್ಚು ನೋಡುವುದು ಒಳ್ಳೆಯ ಲಕ್ಷಣವಲ್ಲ.

ಅಷ್ಟರಲ್ಲಿ ಹುಣಸಮಾರನಹಳ್ಳಿಯ ಆಚೆ ಬಯಲಲ್ಲಿ ಒಂದು ಆಟದ ಪಾರ್ಕ್ ಏಳತೊಡಗಿತ್ತು. ಲಾರಿ ಇಟ್ಟು ದುಡ್ಡು ಮಾಡಿದ್ದ ಒಬ್ಬ ಯಜಮಾನರು ಯಾವುದೋ ದೇಶದಲ್ಲಿ ಬಿಚ್ಚಿಟ್ಟಿದ್ದ ಹಳೆಯ ಉಕ್ಕಿನ ರೋಲರ್ ಕೋಸ್ಟರನ್ನು ಕೊಂಡು, ಮದರಾಸಿನ ಹಡಗುಕಟ್ಟೆಯಿಂದ ತಮ್ಮದೇ ಲಾರಿಗಳಲ್ಲಿ ತರಿಸಿ ಜೋಡಿಸುತ್ತಿದ್ದರು. ದಪ್ಪ ಕೊಳವೆಯ ಎರಡು ಹಳಿ ಗುಡ್ಡದ ಹಾಗೆ ಏರಿ, ಇಳಿದು, ನಡುವೆ ಒಂದು ಕಡೆ ಬಳೆಯಂತೆ ಪೂರ್ತಿ ಸುತ್ತು ಹಾಕಿ ಮುಂದೆ ಹೋಗುತ್ತಿತ್ತು. ಬಳ್ಳಾರಿ ರಸ್ತೆಯ ಬಸ್ಸುಗಳಲ್ಲಿ ಜನ ಒಂದೇ ಕಡೆಗೆ ವಾಲಿ ನೋಡುತ್ತಿದ್ದರು. "ನೀರಿನ ಪೈಪು ಅಳತೆ ತಪ್ಪಿ ಇಂಗ್ ಬಗ್ಗೋಗದೆ" ಎಂದು ಊರಿನವರು ತೀರ್ಮಾನಿಸಿದ್ದರು.

ಆ ಲಾರಿ ಯಜಮಾನರೇ ಒಂದು ಬೆಳಿಗ್ಗೆ ನನ್ನ ಚೀಲದ ರಾಶಿಯ ಮುಂದೆ ಬಂದು ನಿಂತರು.

"ಹದಿನಾರು ಚೀಲ ಬೇಕಮ್ಮಾ. ಗಟ್ಟಿಯಾಗಿರ್ಬೇಕು. ಮರಳು ತುಂಬಿ ಜನರ ಬದಲು ಕೂರಿಸ್ಬೇಕು."

"ಯಾಕೆ ಸಾರ್, ಜನ ಸಿಗಲಿಲ್ವಾ?"

"ಮೊದಲು ಮೂಟೆ, ಆಮೇಲೆ ಜನ. ಸರ್ಕಾರದ ಇಂಜಿನಿಯರ್ ಬಂದು ನೋಡ್ತಾರೆ. ಅವರು ಸರಿ ಅಂದ್ರೆ ದಸರಾ ರಜಕ್ಕೆ ಓಪನ್ನು. ಇಲ್ಲಾಂದ್ರೆ ರಜಾನೂ ಹೋಯ್ತು, ಒತ್ತೆ ಇಟ್ಟ ನನ್ನ ಎರಡು ಲಾರೀನೂ ಹೋಯ್ತು."

"ತಲೆಕೆಳಗಾದಾಗ ಮೂಟೆ ಬೀಳಲ್ವಾ?"

"ಬೀಳಲ್ಲ ಕಣಮ್ಮಾ. ಅದೇ ಅದರ ಮಜಾ."

ಹದಿನಾರು ಚೀಲದ ವ್ಯಾಪಾರದಲ್ಲಿ ಏನು ಸಿಗುತ್ತದೆ? ಒಂದು ಹೊತ್ತಿನ ತರಕಾರಿ. ಆದರೆ ಕೊಳ್ಳಲು ಬಂದವನಿಗೆ ವಸ್ತು ಎಷ್ಟು ಅಗ್ಗ ಎನ್ನುವುದನ್ನು ನೋಡಬಾರದು, ಅದಿಲ್ಲದೆ ಅವನಿಗೆ ಎಷ್ಟು ಕಷ್ಟ ಎನ್ನುವುದನ್ನು ನೋಡಬೇಕು. ಇದನ್ನು ಮಕ್ಕಳಿಗೆ ಶಾಲೆಯಲ್ಲೇ ಹೇಳಿಕೊಡಬೇಕು. ನಾನು ಚೀಲ ಪುಕ್ಕಟೆ ಎಂದೆ. ತುಂಬುವ, ಹೊಲಿಯುವ, ಸೀಟಿಗೇರಿಸುವ ಹಮಾಲರನ್ನೂ ನಾನೇ ಕರೆತರುವೆ ಎಂದೆ. ಬದಲಿಗೆ ಪಾರ್ಕಿನೊಳಗೆ ನಮ್ಮವರಿಗೆ ಒಂದು ಅಂಗಡಿ, ನಾಲ್ಕು ಗೋಡೆ, ಒಂದು ಬಾಗಿಲು, ಒಂದು ವರ್ಷ ಬಾಡಿಗೆಯಿಲ್ಲದೆ.

ಅವರು ಆಕಾಶ ನೋಡಿದರು. ಆರು ತಿಂಗಳು ಎಂದರು. ನಾನು ಚೀಲ ಮಡಿಸತೊಡಗಿದೆ. ಒಂಬತ್ತು ಎಂದರು. ನಾನು ಹುರಿ ಸುತ್ತತೊಡಗಿದೆ. "ಆಯ್ತು, ಒಂದು ವರ್ಷ. ಆದ್ರೆ ಪಾಸ್ ಆದ್ರೆ ಮಾತ್ರ" ಎಂದರು.

"ಅಂಗಡಿ ಎಲ್ಲಿ ಬೇಕು ಅಂತ ನಾನೇ ಹೇಳ್ತೀನಿ" ಎಂದೆ. "ಆ ಸುತ್ತೋ ಗಾಡಿಯಿಂದ ಜನ ಇಳಿದು ಹೊರಗೆ ಬರ್ತಾರಲ್ಲ, ಆ ಬಾಗಿಲಿಗೇ ಸರಿಯಾಗಿ ಎದುರು. ಒಬ್ಬರೂ ತಪ್ಪಿಸಿಕೊಳ್ಳಬಾರದು."

"ಓ, ಅಲ್ಲೇ ತಗೋ" ಎಂದು ಅವರು ಆ ಕ್ಷಣವೇ ಒಪ್ಪಿಕೊಂಡರು.

ಎದುರಿನವನು ಚೌಕಾಸಿಯಿಲ್ಲದೆ ಒಪ್ಪಿದರೆ ಆ ರಾತ್ರಿ ನಿದ್ದೆ ಮಾಡಬಾರದು. ನಾನು ಗೊರಕೆ ಹೊಡೆದೆ.

ಹದಿನಾರು ಚೀಲಗಳನ್ನು ನಾನೇ ಆರಿಸಿದೆ. ಎರಡು ದಿನ ಸೂರ್ಯನ ಕಡೆ ನಿಂತು, ಒಂದೇ ಒಂದು ನಕ್ಷತ್ರ ಕಾಣದ ಚೀಲಗಳನ್ನು ಬೇರೆ ಮಾಡಿಟ್ಟೆ. ಇಂಜಿನಿಯರ್ ಬರುವ ದಿನ ಬೆಳಿಗ್ಗೆ ಎಂಟು ಜನ ಹಮಾಲರು, ಅವರ ಮೇಸ್ತ್ರಿ, ನಾನು, ನನ್ನ ಯಜಮಾನರು ಲಾರಿ ಹತ್ತಿದೆವು. ನಮ್ಮವರು ಐದು ತಿಂಗಳ ಮೇಲೆ ಇಸ್ತ್ರಿ ಅಂಗಿ ಹಾಕಿದ್ದರು. ಲಾರಿಯಲ್ಲಿ ಇನ್ನೂ ನಲವತ್ತು ಚೀಲ ಹೆಚ್ಚಾಗಿ ತುಂಬಿಸಿದ್ದೆ. ಎಲ್ಲಿಗೇ ಹೋದರೂ ಬರಿಗೈಯಲ್ಲಿ ಹೋಗಬಾರದು, ದಾರಿಯಲ್ಲಿ ಯಾರಾದರೂ ಕೊಂಡಾರು.

ಪಾರ್ಕ್ ತಲುಪಿದ ಮೇಲೆ ನಮ್ಮವರು ಅಂಗಡಿಯ ಜಾಗ ನೋಡಲಿಲ್ಲ. ನೆಟ್ಟಗೆ ಹಳಿಯ ಹತ್ತಿರ ಹೋಗಿ ಗಾಡಿಯ ಕೆಳಗೆ ಬಗ್ಗಿ ನೋಡಿದರು, ಬೆಸುಗೆಯ ಮೇಲೆ ಬೆರಳಾಡಿಸಿದರು. ಅಷ್ಟು ದಿನ ಕಬ್ಬಿಣ ಮುಟ್ಟದೆ ಇದ್ದ ಕೈ.

"ಗಾಲಿ ಹಳಿ ಮ್ಯಾಲ ಒಂದು, ಬಾಜೂಕ ಒಂದು, ಕೆಳಗ ಒಂದು ಅದಾವ" ಎಂದರು. "ಮೂರೂ ಕಡೆ ಹಿಡದದ. ಬೀಳಂಗಿಲ್ಲ."

"ಅಂಗಡಿ ಜಾಗ ನೋಡಿದ್ರಾ?"

"ಏನ್ ಕೆಲಸಾ ಮಾಡ್ಯಾರ ನೋಡು" ಎಂದರು, ಗಾಲಿಗೇ.

ಒಣಗಿದ ಸಣ್ಣ ಮರಳಿನ ರಾಶಿಯಿಂದ ಚೀಲಗಳನ್ನು ತುಂಬಿಸಿದೆವು. ಒಂದೊಂದು ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ತೂಕ. ಬಾಯಿಗಳನ್ನು ನಾನೇ ದಬ್ಬಳದಲ್ಲಿ ಹುರಿ ಪೋಣಿಸಿ ಹೊಲಿದೆ. ಇಂಜಿನಿಯರ್ ಬಂದರು. ಸಫಾರಿ ಸೂಟು, ಕೈಯಲ್ಲಿ ಫೈಲು, ಸಕ್ಕರೆ ಕಡಿಮೆ ಹಾಕಿದ ಚಹಾ ಬೇಕೆಂದ ಶಿಸ್ತಿನ ಮನುಷ್ಯ. ಮೂಟೆಗಳನ್ನು ತೂಗಿಸಿ ಬರೆದುಕೊಂಡರು. ಆಮೇಲೆ ಹಮಾಲರು ಹೋ ಎಂದು ಕೂಗಿ ಮೂಟೆಗಳನ್ನು ಎತ್ತಿ, ನಾಲ್ಕು ಡಬ್ಬಿಗಳ ಹದಿನಾರು ಸೀಟುಗಳಲ್ಲಿ ಕೂರಿಸಿ, ಎದೆಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಇಳಿಸಿದರು. ಮೂಟೆಗಳು ಸಾಲಾಗಿ ಕುಳಿತಾಗ ಯಾವುದೋ ಬೀಗರ ಮನೆಗೆ ಹೊರಟ ಹಿರಿಯರಂತೆ ಕಂಡವು.

ಸರಪಳಿ ಕಟಕಟ ಎನ್ನುತ್ತ ಗಾಡಿಯನ್ನು ಏರಿಸಿತು. ತುದಿಯಲ್ಲಿ ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ಬಿತ್ತು ನೋಡಿ! ಗಾಡಿ ಬಳೆಯೊಳಗೆ ನುಗ್ಗಿ, ಮೇಲೇರಿ, ಪೂರ್ತಿ ತಲೆಕೆಳಗಾಯಿತು. ಹದಿನಾರು ಮೂಟೆಗಳೂ ತಲೆಕೆಳಗಾದವು. ಒಂದೂ ಬೀಳಲಿಲ್ಲ. ಹಮಾಲರು ಸಿಳ್ಳೆ ಹಾಕಿದರು.

ಬಿದ್ದದ್ದು ಮರಳು. ಮೊದಲು ಸಣ್ಣಗೆ, ಹಿಟ್ಟು ಜರಡಿ ಹಿಡಿದ ಹಾಗೆ. ಆಮೇಲೆ ಧಾರಾಳವಾಗಿ. ಗಾಡಿ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಮರಳಿನ ಬಾಲ. ಬಳೆಯ ಕೆಳಗೆ ನಿಂತಿದ್ದ ಇಂಜಿನಿಯರ್ ಅವರ ತಲೆಯ ಮೇಲೆ, ಕಾಲರಿನೊಳಗೆ, ಫೈಲಿನ ಮೇಲೆ, ಸಕ್ಕರೆ ಕಡಿಮೆಯ ಚಹಾದೊಳಗೆ. ಅವರು ಅಲುಗಾಡಲಿಲ್ಲ. ಕನ್ನಡಕ ತೆಗೆದು, ಊದಿ, ಹಾಕಿಕೊಂಡು, "ಮೂಟೆ ಇಳಿಸಿ ತೂಕ ಹಾಕಿ" ಎಂದರು.

ಒಂದೊಂದು ಮೂಟೆಯೂ ಕಾಯಿಲೆ ಬಿದ್ದು ಎದ್ದವರ ಹಾಗೆ ಇಳಿದುಹೋಗಿತ್ತು.

ನಾನು ಒಂದು ಚೀಲವನ್ನು ಬರಿದು ಮಾಡಿ ತಲೆಯ ಮೇಲೆ ಹಾಕಿಕೊಂಡು ಸೂರ್ಯನ ಕಡೆ ನೋಡಿದೆ. ಆ ಕಡೆ ಎರಡು, ಈ ಕಡೆ ಎರಡು. ಹೊಚ್ಚಹೊಸ ನಕ್ಷತ್ರಗಳು. ಆಗ ಗೊತ್ತಾಯಿತು. ಮಂಡಿಯ ಹಮಾಲ ಬರಿಗೈಯಲ್ಲಿ ಮೂಟೆ ಎತ್ತುವುದಿಲ್ಲ. ಅವನ ಬಲಗೈಯಲ್ಲಿ ಕಬ್ಬಿಣದ ಕೊಕ್ಕೆ ಇರುತ್ತದೆ. ಅದನ್ನು ಚೀಲಕ್ಕೆ ಚುಚ್ಚಿಯೇ ಎತ್ತುವುದು. ಕಡಲೆಕಾಯಿ ಮೂಟೆಗೆ ಚುಚ್ಚಿದರೆ ಏನೂ ಆಗುವುದಿಲ್ಲ. ಅಕ್ಕಿಗೆ ಚುಚ್ಚಿದರೆ ನಾಲ್ಕು ಕಾಳು ಉದುರಿ ಎಳೆಗಳು ತಾವಾಗಿ ಕೂಡಿಕೊಳ್ಳುತ್ತವೆ. ಒಣ ಮರಳಿಗೆ ಆ ಮರ್ಯಾದೆಯಿಲ್ಲ. ನನ್ನ ಕಣ್ಣೆದುರೇ ಚುಚ್ಚಿದ್ದರು. ಹತ್ತು ವರ್ಷ ದಿನವೂ ನೋಡಿದ್ದರಿಂದ ನನಗೆ ಕಾಣಲೇ ಇಲ್ಲ.

"ಲೋಡ್ ಇಲ್ಲದ ಟ್ರಯಲ್ ಟ್ರಯಲ್ಲೇ ಅಲ್ಲ" ಎಂದರು ಇಂಜಿನಿಯರ್. "ಪೂರ್ತಿ ತೂಕದಲ್ಲಿ ಮೂರು ಸುತ್ತು ಆಗಬೇಕು. ಐದು ಗಂಟೆವರೆಗೆ ಇರ್ತೀನಿ. ಆಗಲಿಲ್ಲ ಅಂದ್ರೆ ದಸರಾ ಮುಗಿದ ಮೇಲೆ ಬರ್ತೀನಿ."

ಲಾರಿ ಯಜಮಾನರು ನನ್ನ ಕಡೆ ತಿರುಗಿದರು. "ಗಟ್ಟಿ ಚೀಲ ಅಂದ್ಯಲ್ಲಮ್ಮಾ! ಅಂಗಡಿಯಂತೆ ಅಂಗಡಿ. ಇವತ್ತು ಪಾಸ್ ಆಗ್ಲಿಲ್ಲ ಅಂದ್ರೆ ಗೇಟ್ ಒಳಗೂ ಬರ್ಬೇಡಿ, ಗಂಡ ಹೆಂಡ್ತಿ ಇಬ್ರೂ!"

ನಮ್ಮವರು ಪಕ್ಕದಲ್ಲೇ ನಿಂತಿದ್ದರು. ಇಸ್ತ್ರಿ ಅಂಗಿಯ ಮೇಲೆ ಬಿದ್ದ ಮರಳನ್ನು ಮೆಲ್ಲಗೆ ಕೊಡವಿಕೊಂಡರು. ನಾಳೆಯಿಂದ ಮತ್ತೆ ಪೇಪರಿನ ಕೊನೆಯ ಪುಟ.

ನಷ್ಟವಾದಾಗ ಅಳಲು ಕೂರಬೇಡಿ, ಮೊದಲು ಕೈಯಲ್ಲಿ ಏನಿದೆ ನೋಡಿ. ನನ್ನ ಕೈಯಲ್ಲಿ ನಲವತ್ತು ಚೀಲಗಳಿದ್ದವು. ಚೀಲದೊಳಗೊಂದು ಚೀಲ ಹಾಕಿ, ಜೋಡಿ ಮಾಡಿ ತುಂಬಿದರೆ ಆಯಿತು. ಆದರೆ ಕೊಕ್ಕೆ ಚುಚ್ಚಿದರೆ ಎರಡೂ ತೂತು. ನಾನು ಮೇಸ್ತ್ರಿಯ ಮುಂದೆ ಸೆರಗು ಹಿಡಿದೆ. "ಎಲ್ಲರ ಕೊಕ್ಕೇನೂ ಇದರಲ್ಲಿ ಹಾಕ್ಸು."

ಮೇಸ್ತ್ರಿ ನಮ್ಮ ಯಲಹಂಕದ ಪಕ್ಕದ ಸಿಂಗಾಪುರದ ಕಡೆಯ ಹಳ್ಳಿಯವನು, ಮೀಸೆಯ ಮನುಷ್ಯ. "ಅಕ್ಕಾ, ಕೊಕ್ಕೆ ಕೊಟ್ಬುಟ್ಟು ಎಂಗಕ್ಕಾ ಎತ್ತೋದು? ಮಗೀನ ಎತ್ಕೊಂಡಂಗೆ ತಬ್ಕೊಂಡ್ ಓಗ್ಬೇಕಾ?"

"ತಬ್ಕೊಂಡೇ ಹೋಗು. ಯಾರ್ ನೋಡ್ತಾರೆ ಇಲ್ಲಿ?"

"ನಾವೇ ನೋಡ್ಕೋತೀವಲ್ಲಕ್ಕಾ ಒಬ್ರುನ್ನೊಬ್ರು! ನಾಳೆ ಮಂಡೀಲಿ ತಲೆ ಎತ್ತಂಗಿರಲ್ಲ."

"ಕೂಲಿ ಒಂದೂವರೆ ಕೊಡ್ತೀನಿ."

"ಮಾನುಕ್ಕೆ ಕೂಲಿ ಕಟ್ತಿಯಾ?"

"ಎರಡರಷ್ಟು."

ಮೇಸ್ತ್ರಿ ಮಾನವನ್ನು ತೂಗಿ ನೋಡಿದ. "ಇಲ್ಲಕ್ಕಾ" ಎಂದ. ಗಂಟೆ ಎರಡೂವರೆ. ನಾನು ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದೆ.

ಅಷ್ಟರಲ್ಲಿ ನಮ್ಮವರು ಮುಂದೆ ಬಂದರು. ಒಬ್ಬ ಹಮಾಲನ ಎದುರು ನಿಂತು, ತಮ್ಮ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು, "ಹಿಂಗ ಹಿಡಿಯಪ್ಪಾ" ಎಂದರು. ಅವನೂ ಹಾಗೇ ಹಿಡಿದ; ಉಳಿದ ಎಡಗೈಯಲ್ಲಿ ಒಬ್ಬರ ಬಲ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದಾಗ ನಾಲ್ಕು ಕೈ ಸೇರಿ ಒಂದು ಕುರ್ಚಿಯಾಯಿತು. "ಮದುವ್ಯಾಗ ಮದುಮಗನ್ನ ಎತ್ತಿಕೊಂಡು ಹೋಗ್ತೀರಿಲ್ಲೋ? ಅದರಾಗೇನ್ ಮಾನ ಹೋಗ್ತದ?"

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಕಿಸಕ್ಕನೆ ನಕ್ಕ. "ಮೇಸ್ತ್ರಿ, ಇದು ಮದುವೆಗಂಡು ಕಣಣ್ಣ! ಆಗ್ಬೋದು!"

"ಕೊಕ್ಕೆ ಮಾತ್ರ ಅಕ್ಕನ್ ಕೈಗೆ ಕೊಡಕ್ಕಿಲ್ಲ" ಎಂದ ಮೇಸ್ತ್ರಿ. "ಇಟ್ಕೊಂಡ್ಬುಟ್ಟು ಆಮೇಲೆ ನಮಗೇ ಮಾರ್ತಾಳೆ. ಅಣ್ಣೋರ್ ಕೈಗೆ ಕೊಡಿ."

ನನ್ನ ಸೆರಗು ಖಾಲಿ ಉಳಿಯಿತು. ಒಂಬತ್ತು ಕೊಕ್ಕೆಗಳು ನಮ್ಮವರ ಕೈ ಸೇರಿದವು. ನಾನು ದಬ್ಬಳ ಹಿಡಿದು ಹೊಲಿದೆ, ಬೆರಳಿಗೆ ನಾಲ್ಕು ಕಡೆ ಚುಚ್ಚಿಕೊಂಡೆ. ಹದಿನಾರು ಮದುಮಕ್ಕಳ ಮೆರವಣಿಗೆ ಹೊರಟಿತು. ಒಬ್ಬ ಬಾಯಲ್ಲೇ ವಾಲಗ ಊದಿದ, ಇನ್ನೊಬ್ಬ "ಗಂಡು ತುಂಬಾ ತೂಕ, ಹೆಣ್ಣಿನ್ ಕಡೆಯೋರು ತೂಕ ನೋಡ್ಕೊಂಡೇ ಹೆಣ್ ಕೊಟ್ಟವ್ರೆ" ಎಂದ. ಮರಳು ಉದುರಿಸಿಕೊಳ್ಳುತ್ತಿದ್ದ ಇಂಜಿನಿಯರ್ ಕೂಡ ಫೈಲಿನ ಹಿಂದೆ ಮುಖ ಇಟ್ಟುಕೊಂಡು ನಕ್ಕರು.

ಈ ಸಲ ಅವರು ಬಳೆಯಿಂದ ಎರಡು ಹೆಜ್ಜೆ ಆಚೆ, ಛತ್ರಿ ಬಿಚ್ಚಿಕೊಂಡು ನಿಂತರು. ಒಂದು ಸುತ್ತು. ಎರಡು. ಮೂರು. ಛತ್ರಿಯ ಮೇಲೆ ಒಂದು ಕಾಳು ಮರಳೂ ಬೀಳಲಿಲ್ಲ. ತೂಕ ಸರಿಯಿತ್ತು. ಐದಕ್ಕೆ ಹತ್ತು ನಿಮಿಷ ಇರುವಾಗ ಸಹಿ ಬಿತ್ತು.

ದಸರಾ ರಜದ ಮೊದಲ ದಿನ ಅಂಗಡಿ ತೆರೆಯಿತು. ನಾಲ್ಕು ಗೋಡೆ, ಒಂದು ಬಾಗಿಲು, ಹೊಸ ಬಾಣಲೆ. ಮಂಡಿಯ ಕೆಲಸ ಬಿಟ್ಟು ನಾನೂ ಹೋಗಿ ನಿಂತಿದ್ದೆ. ಹೊರಬಾಗಿಲು ತೆರೆಯಿತು, ಮೊದಲ ಹದಿನಾರು ಜನ ಇಳಿದು ಬಂದರು. ಒಬ್ಬರೂ ತಪ್ಪಿಸಿಕೊಳ್ಳಲಾಗದ ಜಾಗ ಎಂದೆನಲ್ಲ, ತಪ್ಪಿಸಿಕೊಳ್ಳಲಿಲ್ಲ. ನೇರ ಅಂಗಡಿಯ ಮುಂದೆಯೇ ಬಂದರು. ಎಣ್ಣೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಒಬ್ಬರು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಓಡಿದರು. ಇನ್ನೊಬ್ಬರು ನಮ್ಮ ಗೋಡೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಒಬ್ಬ ದಪ್ಪಗಿನ ಮಹನೀಯರು ಮಿರ್ಚಿಯ ತಟ್ಟೆ ನೋಡಿ, "ಅಮ್ಮಾ, ದಯವಿಟ್ಟು ಅದನ್ನ ಮುಚ್ಚಿ" ಎಂದು ಕೈಮುಗಿದರು.

ತಲೆಕೆಳಗಾಗಿ ಬಂದ ಮನುಷ್ಯನಿಗೆ ಮಿರ್ಚಿ ಮಾರಲು ಹೊರಟ ವ್ಯಾಪಾರಿ ಉತ್ತರ ಬೆಂಗಳೂರಿನಲ್ಲಿ ನಾನೊಬ್ಬಳೇ. ಆ ದಿನ ಕರಿದದ್ದನ್ನೆಲ್ಲ ಟಿಕೆಟ್ ಹರಿಯುವವರು, ಕಾವಲುಗಾರರು ತಿಂದರು. ಲಾರಿ ಯಜಮಾನರೂ ಎರಡು ತಿಂದು, "ಒಳ್ಳೆ ಜಾಗ ಆರಿಸ್ದೆ ಕಣಮ್ಮಾ" ಎಂದು ನಕ್ಕು ಹೋದರು.

ಮನೆಗೆ ಬಂದು ನಾನು ದಾರಿಯುದ್ದಕ್ಕೂ ಕಟ್ಟಿದ್ದ ಉಪಾಯಗಳನ್ನೆಲ್ಲ ಬಿಚ್ಚಿದೆ. ನಾಳೆ ಹೋಗಿ ಜಗಳ ಮಾಡುತ್ತೇನೆ, ಕ್ಯೂ ನಿಲ್ಲುವ ಕಡೆಗೆ ಅಂಗಡಿ ಬದಲಾಯಿಸುತ್ತೇನೆ, ಇಲ್ಲದಿದ್ದರೆ ಚೀಲದ ದುಡ್ಡು ಕೇಳುತ್ತೇನೆ. ನಮ್ಮವರು ಎಲ್ಲ ಕೇಳಿ, "ನಾಳೆ ನೀ ಬರಬ್ಯಾಡ. ಮಂಡಿಗೆ ಹೋಗು" ಎಂದರು. ಕೈಯಲ್ಲಿ ಪೇಪರ್ ಇರಲಿಲ್ಲ.

ಮರುದಿನ ಮಂಡಿಯಲ್ಲಿ ನನ್ನ ಕಣ್ಣು ಚೀಲದ ಮೇಲೆ ನಿಲ್ಲಲಿಲ್ಲ. ನಾಲ್ಕು ಗಂಟೆಗೆ ಬಸ್ಸು ಹತ್ತಿ ಪಾರ್ಕಿಗೆ ಹೋದೆ. ಬಾಣಲೆ ಕವುಚಿ ಬಿದ್ದಿತ್ತು. ಅವರು ನಿಂಬೆಹಣ್ಣು ಹೋಳು ಮಾಡುತ್ತಿದ್ದರು. ಮುಂದೆ ಒಂದು ಉದ್ದನೆಯ ಬೆಂಚು. ಅದರ ತುಂಬ ಇಳಿದು ಬಂದವರು ತಲೆ ಹಿಡಿದುಕೊಂಡು ಕೂತಿದ್ದರು. ಒಬ್ಬೊಬ್ಬರ ಕೈಗೂ ಉಪ್ಪು, ಶುಂಠಿ ಹಾಕಿದ ನಿಂಬೆ ಪಾನಕದ ಲೋಟ ಹೋಗುತ್ತಿತ್ತು.

"ಬೆಂಚ್ ಎಲ್ಲಿಂದ ಬಂತ್ರೀ?"

"ಲಾರಿ ಯಜಮಾನಗ ಕೇಳಿದೆ."

"ನೀವು? ಕೇಳಿದ್ರಾ?"

"ನಿಮ್ಮ ಗಾಡಿ ಇಳದವರು ನಿಮ್ಮ ಬಾಗಿಲದಾಗ ವಾಂತಿ ಮಾಡೋದು ಚಂದ ಏನು, ನನ್ನ ಮುಂದ ಕುಂದ್ರಸೋದು ಚಂದ ಏನು ಅಂದೆ. ಬೆಂಚು ಕೊಟ್ಟ, ನೀರಿನ ನಳಾನೂ ಕೊಟ್ಟ."

ನಾನು ಸುತ್ತ ನೋಡಿದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ನಾನಾಗಿದ್ರೆ ಎರಡು ಬೆಂಚು ಕೇಳ್ತಿದ್ದೆ. ಒಂದಾ? ಸ್ವಲ್ಪ ಗಟ್ಟಿಯಾಗಿ ನಿಂತಿದ್ರೆ..."

"ಅದರಾಗ ಒಮ್ಮೆ ಕೂತು ಬಾ" ಎಂದರು ಗಾಡಿಯ ಕಡೆ ಗಲ್ಲ ಎತ್ತಿ. "ಆಮ್ಯಾಲ ಹೇಳು."

ಹತ್ತಿದೆ. ಹತ್ತದೆ ಇರಲು ಬರುವಂತಿರಲಿಲ್ಲ, ಬೆಂಚಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಎದೆಯ ಮೇಲೆ ಪಟ್ಟಿ ಇಳಿಯಿತು. ಸರಪಳಿ ಏರಿಸುವಾಗ ಯಲಹಂಕದ ಕೆರೆಯ ಕಡೆ ನೋಡುತ್ತ ಧೈರ್ಯವಾಗಿಯೇ ಇದ್ದೆ. ತುದಿ ದಾಟಿದ ಮೇಲೆ ಕೆರೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆನ್ನು ಸೀಟಿಗೆ ಅಂಟಿತು, ಕೆನ್ನೆಗಳು ಕಿವಿಯ ಕಡೆ ಹೊರಟವು, ಭೂಮಿ ತಲೆಯ ಮೇಲೆ ಬಂತು. ಪಕ್ಕದಲ್ಲಿದ್ದ ಹೆಂಗಸು ಯಾವುದೋ ದೇವರಿಗೆ ಮುಡಿ ಹರಕೆ ಹೊತ್ತಳು. ನಾನು ದೇವರ ಜೊತೆ ಚೌಕಾಸಿ ಮಾಡಲಿಲ್ಲ, ಕೇಳಿದ್ದಕ್ಕೆಲ್ಲ ಒಪ್ಪಿಕೊಂಡೆ.

ಇಳಿದು ಹೊರಬಾಗಿಲಿನ ಕಂಬ ಹಿಡಿದುಕೊಂಡೆ. ನಮ್ಮವರು ಬಂದು ತೋಳು ಹಿಡಿದು ಬೆಂಚಿಗೆ ತಂದರು. ಜಾಗವಿರಲಿಲ್ಲ. ಒಬ್ಬ ಹುಡುಗಿಯನ್ನು ಸರಿಸಿ ಅರ್ಧ ಕೂರಿಸಿ, ಲೋಟವನ್ನು ಕೈಗಿಟ್ಟರು.

"ಸಾವಕಾಶ ಕುಡಿ. ಮಾತಾಡಬ್ಯಾಡ, ಮಾತಾಡಿದ್ರ ಹೊರಗ ಬರ್ತದ" ಎಂದರು. ಬೇರೆಯವರಿಗೆ ಹೇಳುವಷ್ಟೇ ಸಹಜವಾಗಿ, ಅಂಗಡಿಯವರ ದನಿಯಲ್ಲಿ. ಆಮೇಲೆ ಬಗ್ಗಿ ಕೇಳಿದರು, "ಈಗ ಹೇಳು, ಎರಡನೇ ಬೆಂಚು ಎಲ್ಲಿ ಹಾಕ್ಸೂಣು?"

ನಾನು ಬಾಯಿ ತೆರೆಯದೆ ಬೆರಳಲ್ಲಿ ತೋರಿಸಿದೆ, ನಳದ ಪಕ್ಕ, ನೆರಳಿರುವ ಕಡೆ. ಅವರು ತಲೆಯಾಡಿಸಿ ಲಾರಿ ಯಜಮಾನರನ್ನು ಹುಡುಕಿಕೊಂಡು ಹೋದರು. ನಾನು ಲೋಟ ಹಿಡಿದುಕೊಂಡು ನೋಡುತ್ತಿದ್ದೆ. ದೂರದಲ್ಲಿ ಲಾರಿ ಯಜಮಾನರು ಆಕಾಶ ನೋಡಿದರು; ಇವರು ಎರಡೂ ಕೈ ಹಿಂದೆ ಕಟ್ಟಿಕೊಂಡು, ಅವಸರವಿಲ್ಲದೆ, ನಿಂತೇ ಇದ್ದರು.